ಸಮುದ್ರದ ಪಾಲು ಎಲ್ಲಿ?

ನಮ್ಮ ಭಾಗದಲ್ಲಿ ಒಂದು ಮಾತಿಗೆ ಎದುರಾಡುವವರೇ ಇಲ್ಲ. ‘ಅಷ್ಟೊಂದು ನೀರು ಸುಮ್ಮನೆ ಸಮುದ್ರಕ್ಕೆ ಹರಿದು ಹಾಳಾಗಿ ಹೋಗುತ್ತದೆ.’ ಗಜ್ಜರಿ ತೊಳೆದು ಪೇಟೆಗೆ ಕಳಿಸಿ ಕವಲಾಪುರದ ಚಹಾದಂಗಡಿಯಲ್ಲಿ ಕೂತ ರೈತ ಇದನ್ನೇ ಹೇಳುತ್ತಾನೆ. ಮಿರಜಿನ ಸಭೆಯಲ್ಲಿ ಮುಖಂಡರು ಇದನ್ನೇ ಹೇಳಿ ಚಪ್ಪಾಳೆ ಪಡೆಯುತ್ತಾರೆ. ಜತ್ತ ತಾಲೂಕಿನ ಉಮದಿ, ಸಂಖದ ಕಟ್ಟೆಗಳ ಮೇಲೆ ಈ ಮಾತು ಕನ್ನಡದಲ್ಲಿ ನಡೆಯುತ್ತದೆ, ಸಾಂಗಲಿಯಲ್ಲಿ ಮರಾಠಿಯಲ್ಲಿ. ಅತ್ತ ಚಿತ್ರದುರ್ಗ, ಹಾವೇರಿಯ ಕಡೆಗೂ ಇದೇ ಮಾತು. ಗಡಿಗಾಗಿ ಅರವತ್ತು ವರ್ಷದಿಂದ ಜಗಳಾಡುತ್ತಿರುವ ಎರಡು ರಾಜ್ಯಗಳಿಗೆ ಈ ಒಂದು ವಿಷಯದಲ್ಲಿ ಮಾತ್ರ ಒಮ್ಮತ.

ನಾನು ಕೃಷ್ಣೆಯ ನೀರಿನ ಮೇಲೆ ಕಬ್ಬು ಬೆಳೆದ ಮನೆಯವನು. ಮೂವತ್ತು ವರ್ಷ ಈ ಮಾತನ್ನು ನಾನೂ ನಂಬಿದ್ದೆ, ಇನ್ನೊಬ್ಬರಿಗೂ ಹೇಳಿದ್ದೆ. ಇಂದು ಅದು ಸುಳ್ಳು ಎಂದು ಬರೆಯುತ್ತಿದ್ದೇನೆ. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಈ ಮಾತಿನ ಬಲದ ಮೇಲೆಯೇ ಬೆಟ್ಟ ಕೊರೆದಿದ್ದಾರೆ, ನದಿಗಳ ದಿಕ್ಕು ಬದಲಿಸಿದ್ದಾರೆ. ಎತ್ತಿನಹೊಳೆಯನ್ನು ಆಗಲೇ ಪೂರ್ವಕ್ಕೆ ತಿರುಗಿಸಿ 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಪಂಪು ಚಾಲೂ ಮಾಡಿದ್ದಾರೆ. ಈಗ ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಮಾತು ಎದ್ದಿದೆ. ಪ್ರತಿ ಯೋಜನೆಯ ಮೊದಲ ವಾಕ್ಯ ಒಂದೇ: ಸಮುದ್ರ ಸೇರಿ ವ್ಯರ್ಥವಾಗುವ ನೀರು.

ವ್ಯರ್ಥ ಎಂದು ತೀರ್ಪು ಕೊಟ್ಟವರು ಯಾರು? ನದಿ ಸಮುದ್ರ ಸೇರುವ ಜಾಗದಲ್ಲಿ ಒಂದು ದಿನವಾದರೂ ನಿಂತು ನೋಡಿದ್ದಾರೆಯೇ?

ನಾನು ನಿಂತದ್ದು ಕಳೆದ ಫೆಬ್ರುವರಿಯಲ್ಲಿ. ಗೋಕರ್ಣಕ್ಕೆ ಹೋಗಿದ್ದವನು ತದಡಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ಹೊರಟಿದ್ದೆ. ನೀರು ಇಳಿದಿತ್ತು. ಬೆಳಿಗ್ಗೆ ಕೆರೆಯಂತೆ ತುಂಬಿದ್ದ ಜಾಗದಲ್ಲಿ ಮಧ್ಯಾಹ್ನಕ್ಕೆ ಮಸಿಬಣ್ಣದ ಕೆಸರಿನ ಬಯಲು ಎದ್ದಿತ್ತು. ಬಯಲಿನ ಅಂಚಿನಲ್ಲಿ ಮೊಣಕಾಲುದ್ದ ನೀರಲ್ಲಿ ಏಳೆಂಟು ಹೆಂಗಸರು ಬಾಗಿ ನಿಂತಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಗೆ ಪ್ಲಾಸ್ಟಿಕ್ ಬುಟ್ಟಿಗಳು ತೇಲುತ್ತಿದ್ದವು. ಕೈ ಕೆಸರಿಗೆ ಇಳಿಯುತ್ತಿತ್ತು, ಮೇಲೆ ಬರುವಾಗ ಬೆರಳ ಸಂದಿಯಲ್ಲಿ ಮೂರೋ ನಾಲ್ಕೋ ಬಳಚು.

ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಬದುಕುವ ಜೀವ. ದಕ್ಷಿಣ ಕನ್ನಡದಲ್ಲಿ ಮರುವಾಯಿ ಅನ್ನುತ್ತಾರೆ, ನಮ್ಮ ಮರಾಠಿ ನೆರೆಯವರು ತಿಸ್ರ್ಯಾ ಅನ್ನುತ್ತಾರೆ. ದಡಕ್ಕೆ ಬಂದು ಬುಟ್ಟಿ ಜಾಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ: ‘ಇಷ್ಟು ದೊಡ್ಡ ಕೆಸರಿನ್ಯಾಗ ಅದು ಎಲ್ಲೈತಿ ಅಂತ ಹ್ಯಾಂಗ ತಿಳೀತದ ಅಕ್ಕಾ?’ ಅವರು ಕಾಲ ಬಳಿಯ ಹಸಿ ಮಣ್ಣು ತೋರಿಸಿದರು. ಸೂಜಿಯಿಂದ ಚುಚ್ಚಿದ ಹಾಗೆ ಎರಡು ಸಣ್ಣ ತೂತು, ಪಕ್ಕಪಕ್ಕ. ಒಂದರಿಂದ ನೀರು ಎಳೆದುಕೊಳ್ಳುತ್ತದೆ, ಇನ್ನೊಂದರಿಂದ ಬಿಡುತ್ತದೆ. ನಡುವೆ ನೀರಿನಲ್ಲಿದ್ದ ಪಾಚಿಯ ಕಣವನ್ನು ಸೋಸಿ ತಿನ್ನುತ್ತದೆ. ಅಷ್ಟೇ ಅದರ ಬದುಕು, ನಡೆದು ಹೋಗಿ ಬೇರೆ ಕಡೆ ಮೇಯುವ ಕಾಲು ಅದಕ್ಕಿಲ್ಲ. ನೀರು ತಂದದ್ದೇ ಊಟ.

‘ಮಳೆಗಾಲದಲ್ಲಿ ಹೊಳೆ ನೀರು ಬರ್ಬೇಕು. ದೀಪಾವಳಿ ಕಳದ್ಮೇಲೆ ಉಪ್ಪು ಏರ್ಬೇಕು. ಎರಡೂ ಬೇಕು. ಒಂದೇ ಇದ್ರೆ ಬಳಚು ಇಲ್ಲ’ ಅಂದರು ಅವರು. ಬುಟ್ಟಿ ಜಾಡಿಸಿದಾಗ ಉದುರಿದ ಗುಂಡಿಯಷ್ಟು ಸಣ್ಣ ಮರಿಗಳನ್ನು ಎರಡು ಕೈಯಲ್ಲಿ ಬಳಿದು ಮತ್ತೆ ನೀರಿಗೆ ಹಾಕಿದರು. ‘ಶರಾವತಿ ಬದಿಗೆ ಹೋಗಿ ಕೇಳಿ. ಅಲ್ಲಿ ಏನಾಯ್ತು ಅಂತ ಹೇಳ್ತಾರೆ.’

ನೀರಾವರಿ ಇಲಾಖೆಯ ಎಷ್ಟು ಜನ ಎಂಜಿನಿಯರರಿಗೆ ಹೊಳೆ ನೀರು, ಉಪ್ಪಿನ ಬಗ್ಗೆ ಅವರು ಹೇಳಿದ ಆ ಎರಡು ವಾಕ್ಯ ಗೊತ್ತಿದೆ? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನದಿಯ ನೀರಿನಲ್ಲಿ ಇಲ್ಲವೆನ್ನುವಷ್ಟು. ನದಿ ಕಡಲು ಸೇರುವ ಅಳಿವೆಯಲ್ಲಿ ಇವೆರಡು ದಿನಕ್ಕೆರಡು ಸಲ ಉಬ್ಬರ ಇಳಿತದಲ್ಲಿ ಬೆರೆಯುತ್ತವೆ, ವರ್ಷಕ್ಕೊಂದು ಸಲ ಮಳೆಗಾಲ ಬೇಸಿಗೆಯಲ್ಲಿ ಅದಲುಬದಲಾಗುತ್ತವೆ. ಜೂನಿನಿಂದ ಸೆಪ್ಟೆಂಬರವರೆಗೆ ನದಿಯ ಕೈ ಮೇಲು. ಆಗ ಬಳಚು ಚಿಪ್ಪು ಬಿಗಿದುಕೊಂಡು ಕೂರುತ್ತದೆ. ಅದೇ ನೀರು ಮಲೆನಾಡಿನ ಎಲೆಕೊಳೆತದ ಸಾರವನ್ನೂ, ಹೊಸ ಮರಳು ಮಣ್ಣನ್ನೂ ಹೊತ್ತು ತಂದು ಬಯಲಿಗೆ ಹಾಸುತ್ತದೆ. ಮಳೆ ನಿಂತು ಉಪ್ಪು ಏರಿದಾಗ ಬಳಚು ಬಾಯಿ ತೆರೆಯುತ್ತದೆ, ಮೈ ತುಂಬಿಕೊಳ್ಳುತ್ತದೆ. ಅದರ ಮರಿಗಳು ಕೆಲವು ದಿನ ನೀರಿನಲ್ಲಿ ತೇಲಿ, ತಮಗೆ ಸರಿಯೆನಿಸಿದ ಮರಳುಮಿಶ್ರಿತ ಕೆಸರು ಸಿಕ್ಕಲ್ಲಿ ಇಳಿದು ನೆಲೆಯೂರುತ್ತವೆ. ಜಾತಿಜಾತಿಗೆ ಬೇಕಾದ ಉಪ್ಪು ಬೇರೆ. ಕಪ್ಪು ಚಿಪ್ಪಿನದು ನದಿಯ ಕಡೆಗೆ ಮೇಲೆ ಇರುತ್ತದೆ, ಸಮುದ್ರದ ರುಚಿ ಹೆಚ್ಚು ಬೇಕಾದದ್ದು ಬಾಯಿಯ ಹತ್ತಿರ ಇರುತ್ತದೆ. ನಮ್ಮಲ್ಲಿ ಎರೆಹೊಲಕ್ಕೆ ಜೋಳ, ಮಸಾರಿಗೆ ಸೇಂಗಾ ಇರುವ ಹಾಗೆಯೇ ಇದೂ ಒಂದು ಹೊಲ. ನದಿಯ ನೀರೇ ಇದಕ್ಕೆ ಗೊಬ್ಬರ, ನದಿಯ ನೀರೇ ಇದಕ್ಕೆ ಮಣ್ಣು. ಈ ಹೊಲಕ್ಕೆ ಹೋಗುವ ನೀರನ್ನು ಹಾಳಾದ ನೀರು ಎಂದರೆ, ನನ್ನ ಹೊಲದ ಕಾಲುವೆಗೆ ಬಂದ ನೀರನ್ನೂ ಹಾಗೆಯೇ ಕರೆಯಬೇಕಾಗುತ್ತದೆ.

ಶರಾವತಿಯ ಕಡೆಗೆ ಏನಾಯಿತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಈ ಶತಮಾನದ ಆರಂಭದಲ್ಲಿ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಮಳೆಗಾಲದಲ್ಲಿ ಬರಬೇಕಾದ ಪ್ರವಾಹವನ್ನು ಮೇಲೆ ಹಿಡಿದಿಟ್ಟು, ಕರೆಂಟು ಬೇಕಾದಾಗ ಟರ್ಬೈನಿನಿಂದ ಬಿಡತೊಡಗಿದರು. ಮಾರ್ಚ್, ಏಪ್ರಿಲಿನಲ್ಲಿ ಉಪ್ಪೇರಬೇಕಿದ್ದ ಹೊನ್ನಾವರದ ಅಳಿವೆಗೆ ಬೇಸಿಗೆ ಪೂರ್ತಿ ಸಿಹಿನೀರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತವರ ಜೊತೆಗಾರರು ವರ್ಷಗಟ್ಟಲೆ ಈ ಎರಡು ನದಿಗಳ ಬಾಯಿಯನ್ನು ಹೋಲಿಸಿ ನೋಡಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು, ಮೀನು, ಉಪ್ಪುನೀರಿನ ಕಾಂಡ್ಲ ಗಿಡ ಎಲ್ಲವೂ ಸಮೃದ್ಧ. ಶರಾವತಿಯಲ್ಲಿ ಮೀನಿನ ಜಾತಿಗಳು ಕಡಿಮೆ, ತಿನ್ನುವ ಚಿಪ್ಪುಜೀವಿಗಳು ಹೆಚ್ಚಿನ ಕಡೆ ಕಾಣೆ. ನಡುವಿನ ದೂರ ನಲವತ್ತು ಕಿಲೋಮೀಟರೂ ಇಲ್ಲ. ಒಂದೇ ಸಮುದ್ರ, ಒಂದೇ ಮಳೆ, ಒಂದೇ ಜನ. ಕಾಡುವ ವ್ಯತ್ಯಾಸ ಒಂದೇ, ಒಂದು ನದಿಯನ್ನು ನಾವು ‘ಉಪಯೋಗಿಸಿಕೊಂಡೆವು’.

ಇಲ್ಲಿ ಕೆಲವರು ಜಾಣತನದ ಪ್ರಶ್ನೆ ಎತ್ತುತ್ತಾರೆ. ಸಿಹಿನೀರು ಹೆಚ್ಚಾದರೆ ಬಳಚು ಸಾಯುತ್ತದೆ ಎಂದಾದರೆ, ನದಿ ತಿರುಗಿಸಿದರೆ ಒಳ್ಳೆಯದೇ ಆಯಿತಲ್ಲ? ಅಲ್ಲ. ತಿರುಗಿಸಿದರೆ ಮಳೆಗಾಲದ ತೊಳೆಯುವ ನೀರು ಹೋಯಿತು, ಸಾರ ಹೋಯಿತು, ಮಣ್ಣು ಹೋಯಿತು, ಉಪ್ಪು ಅಘನಾಶಿನಿಯ ದಡದ ಮಿರ್ಜಾನ, ದಿವಗಿಗಳನ್ನು ದಾಟಿ ಬಾವಿಗಳವರೆಗೆ ಏರಿತು. ಹಿಡಿದಿಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟರೆ ಶರಾವತಿಯ ಗತಿ. ಎರಡೂ ಕಡೆಯಿಂದ ಕೊಲ್ಲುವುದು ಒಂದೇ ಕೈ. ಪೈರಿಗೆ ನೀರು ಎಷ್ಟು ಎಂಬುದರ ಜೊತೆ ಯಾವಾಗ ಎಂಬುದೂ ಮುಖ್ಯ ಅಂತ ನಮ್ಮ ಒಕ್ಕಲಿಗರಿಗೆ ಹೇಳಿಕೊಡಬೇಕೇ? ಹೂ ಬಿಟ್ಟ ದ್ರಾಕ್ಷಿಯ ಮೇಲೆ ಒಂದು ರಾತ್ರಿ ಅಕಾಲದ ಮಳೆ ಬಿದ್ದರೆ ಕವಲಾಪುರ, ತಾಸಗಾವಿನ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಆ ನೋವು ಬಲ್ಲವರು ಇನ್ನೊಬ್ಬರ ಬೆಳೆಯ ಮೇಲೆ ವರ್ಷವಿಡೀ ಅಕಾಲದ ನೀರು ಸುರಿಯುವುದನ್ನು ಅಭಿವೃದ್ಧಿ ಎನ್ನಬಹುದೇ?

ಸುರಿಯುತ್ತಿರುವವರಲ್ಲಿ ನಾವೂ ಇದ್ದೇವೆ. ಕೊಯ್ನಾ ನಮ್ಮ ನದಿ, ಕರಾಡಿನಲ್ಲಿ ಕೃಷ್ಣೆಯನ್ನು ಕೂಡಿ ಸಾಂಗಲಿಗೆ ಬರಬೇಕಾದ ನದಿ. ಅದರ ನೀರಿನಲ್ಲಿ ವರ್ಷಕ್ಕೆ 67.5 ಟಿಎಂಸಿವರೆಗೆ ಬೆಟ್ಟದೊಳಗಿನ ಸುರಂಗದಿಂದ ಪಶ್ಚಿಮಕ್ಕೆ ಇಳಿಸಿ, ಪೋಫಳಿಯ ಕಡೆ ವಿದ್ಯುತ್ ತೆಗೆದು, ಚಿಪಳೂಣದ ವಾಶಿಷ್ಠಿ ನದಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಸೊರಗಿ ಉಪ್ಪಾಗುತ್ತಿದ್ದ ಕೊಂಕಣದ ಒಂದು ನದಿಯನ್ನು ನಾವು ವರ್ಷವಿಡೀ ಸಿಹಿನೀರು ಹರಿಯುವ ಕಾಲುವೆ ಮಾಡಿದೆವು. ಅದಕ್ಕೆ ಲೋಟೆಯ ರಾಸಾಯನಿಕ ಕಾರ್ಖಾನೆಗಳ ಕೊಳೆಯೂ ಸೇರಿತು. ಆ ನದಿ ಕಡಲು ಸೇರುವ ದಾಭೋಳ ಖಾಡಿಯ ಮೀನುಗಾರರು ದಶಕಗಳಿಂದ ಕೂಗುತ್ತಿದ್ದಾರೆ. ಸಾಂಗಲಿಯಲ್ಲಿ ಕೊಯ್ನಾ ನೀರಿನ ಬಗ್ಗೆ ಎಷ್ಟು ಸಭೆಗಳಾಗಿವೆ! ಆ ನೀರು ಪೂರ್ವಕ್ಕೆ ಬಂದರೆ ನಮಗೆ ಎಷ್ಟು ಎಕರೆ ಎಂಬ ಲೆಕ್ಕ ಅಲ್ಲಿ ಕೇಳಿದ್ದೇನೆ. ಖಾಡಿಯ ಬಾಯಲ್ಲಿ ಚಿಪ್ಪು ಆಯುವವರ ಮಾತು ಒಂದು ಸಭೆಯಲ್ಲೂ ಕೇಳಿಲ್ಲ.

ಕೇರಳದವರು ಇದೇ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತರು. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಿರಲಿ ಎಂದು 1970ರ ದಶಕದಲ್ಲಿ ವೇಂಬನಾಡು ಹಿನ್ನೀರಿಗೆ ಅಡ್ಡ ತಣ್ಣೀರ್ಮುಕ್ಕಂ ಒಡ್ಡು ಕಟ್ಟಿದರು. ಅಲ್ಲಿಯ ಕಪ್ಪು ಬಳಚು ಮೊಟ್ಟೆ ಬಿಡಲು ನೀರಿನಲ್ಲಿ ಸ್ವಲ್ಪ ಉಪ್ಪು ಬೇಕು. ಒಡ್ಡಿನ ದಕ್ಷಿಣಕ್ಕೆ ಉಪ್ಪು ಬರುವುದು ನಿಂತಿತು, ಬಳಚೂ ಕುಗ್ಗಿತು. ಅದೇ ಕೇರಳದ ಅಷ್ಟಮುಡಿಯಲ್ಲಿ ಉಪ್ಪು ಸಿಹಿಗಳ ಓಡಾಟ ಉಳಿದಿತ್ತು. ಅಲ್ಲಿ ಜನ ಕೂಡಿ ನಿಯಮ ಮಾಡಿಕೊಂಡರು, ಮರಿ ಬಿಡುವ ತಿಂಗಳುಗಳಲ್ಲಿ ಆಯುವುದನ್ನು ನಿಲ್ಲಿಸಿದರು. 2014ರಲ್ಲಿ ಅಷ್ಟಮುಡಿಯ ಬಳಚು ಮೀನುಗಾರಿಕೆಗೆ ಅಂತಾರಾಷ್ಟ್ರೀಯ ಸುಸ್ಥಿರತೆಯ ಮುದ್ರೆ ಸಿಕ್ಕಿತು, ಭಾರತಕ್ಕೆ ಅದು ಮೊದಲನೆಯದು. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಭಾಗದಲ್ಲಿ ಹೆಂಗಸರ ಗುಂಪುಗಳು 1990ರ ದಶಕದ ಕೊನೆಯಿಂದ ಹಗ್ಗಕ್ಕೆ ನೀಲಿಕಲ್ಲಿನ ಮರಿ ಕಟ್ಟಿ ಹಿನ್ನೀರಿನಲ್ಲಿ ಬೆಳೆಯುತ್ತಿವೆ. ಮಳೆ ಹೋಗಿ ಉಪ್ಪೇರಿದ ಮೇಲೆ ಬಿತ್ತನೆ, ಮುಂದಿನ ಮಳೆಯ ಸಿಹಿನೀರು ಬಂದು ಸಾಯಿಸುವ ಮೊದಲು ಕೊಯ್ಲು. ಸಾಕಿ ಬೆಳೆದರೂ ಸರಿ, ತಾನಾಗಿ ಬೆಳೆದರೂ ಸರಿ, ಪಂಚಾಂಗ ನದಿಯ ಕೈಯಲ್ಲಿದೆ. ಆದ್ದರಿಂದ ‘ಅಳಿವೆ ಹೋದರೆ ಜಲಕೃಷಿ ಮಾಡಿಸೋಣ, ಸಬ್ಸಿಡಿ ಕೊಡೋಣ’ ಎನ್ನುವ ಅಧಿಕಾರಿಗಳ ಸಮಾಧಾನ ಬರೀ ಬಾಯಿಮಾತು. ನದಿಯನ್ನು ಕಿತ್ತುಕೊಂಡು ಹಗ್ಗ ಕೊಟ್ಟರೆ ಅವರು ಅದನ್ನು ಯಾವ ನೀರಿಗೆ ಇಳಿಬಿಡಬೇಕು?

ಇನ್ನು ಹಣದ ಮಾತು. ‘ಕೆಸರಿನಲ್ಲಿ ನಾಲ್ಕು ಚಿಪ್ಪು ಆಯುವವರಿಗಾಗಿ ಲಕ್ಷಾಂತರ ಎಕರೆ ಒಣಗಿಸಬೇಕೇ’ ಎಂದು ಕೇಳುವವರಿದ್ದಾರೆ. ಸರಿ, ಲೆಕ್ಕ ಹಾಕೋಣ. ಅದೇ ವಿಜ್ಞಾನ ಸಂಸ್ಥೆಯ ತಂಡ 2008ರ ಸುಮಾರಿಗೆ ಮಾಡಿದ ಅಂದಾಜಿನ ಪ್ರಕಾರ ಅಘನಾಶಿನಿಯ ಅಳಿವೆಯಿಂದ ವರ್ಷಕ್ಕೆ ತೆಗೆಯುತ್ತಿದ್ದ ಚಿಪ್ಪುಜೀವಿಗಳು ಸುಮಾರು 22 ಸಾವಿರ ಟನ್. ಆಯುವುದರಲ್ಲೇ ತೊಡಗಿದ್ದವರು 2,300ಕ್ಕೂ ಹೆಚ್ಚು ಜನ. ಅಂದಿನ ದರದಲ್ಲಿ ಬೆಲೆ 5 ಕೋಟಿ ರೂಪಾಯಿಗೂ ಹೆಚ್ಚು. ಕುಮಟಾ ಸಂತೆಯಲ್ಲಿ ಕುಕ್ಕೆ ಇಟ್ಟು ಮಾರುವವರು, ಸಾಗಿಸುವವರು, ಚಿಪ್ಪು ಸುಟ್ಟು ಸುಣ್ಣ ಮಾಡುವವರು ಇದರ ಮೇಲೆ. ಈ ಬೆಳೆಗೆ ಬೀಜ ಕೊಂಡವರಿಲ್ಲ, ಯೂರಿಯಾ ಹಾಕಿದವರಿಲ್ಲ. ಸೊಸೈಟಿಯ ಸಾಲವಿಲ್ಲ, ಸಾಲಮನ್ನಾದ ಬೇಡಿಕೆಯೂ ಇಲ್ಲ. ಗೇಣು ಜಮೀನಿಲ್ಲದ ಹೆಂಗಸು ತನ್ನ ಎರಡು ಕೈ ಇಟ್ಟುಕೊಂಡು ಮಕ್ಕಳ ಶಾಲೆಯ ಫೀ ಕಟ್ಟುತ್ತಾಳೆ. ಅವಳ ಮನೆಯ ಸಾರಿನಲ್ಲಿ ಸುಣ್ಣದಂಶ, ಕಬ್ಬಿಣದಂಶ ಇರುತ್ತದೆ.

ಈಗ ನಮ್ಮ ಕಡೆಯ ಲೆಕ್ಕ. ಮ್ಹೈಸಾಳ, ಟಾಕಾರಿ, ಟೇಂಭೂ ಏತ ನೀರಾವರಿಗಳಲ್ಲಿ ನೀರನ್ನು ಹಂತಹಂತವಾಗಿ ಪಂಪು ಹಚ್ಚಿ ಎತ್ತುತ್ತೇವೆ. ಆ ಪಂಪುಗಳ ಕರೆಂಟ್ ಬಿಲ್ಲಿನಲ್ಲಿ ನೂರಕ್ಕೆ 81 ರೂಪಾಯಿ ಸರಕಾರದ್ದು, 19 ರೂಪಾಯಿ ರೈತರದ್ದು ಎಂಬ ಸೂತ್ರ ಬಂತು. ಆ 19 ಕೂಡ ಬಾಕಿ ಬಿದ್ದು ಪಂಪು ನಿಂತ ವರ್ಷಗಳನ್ನು ನಾವೇ ಕಂಡಿದ್ದೇವೆ. ಜತ್ತ, ಕವಠೆಮಹಾಂಕಾಳ, ಆಟಪಾಡಿಯ ಬಾಯಾರಿಕೆ ನಿಜ. ಅದನ್ನು ಸುಳ್ಳೆನ್ನುವವನು ನಾನಲ್ಲ. ಜತ್ತ ತಾಲೂಕಿನ ನಮ್ಮ ಕನ್ನಡದ ಹಳ್ಳಿಗಳು ನೀರಿಗಾಗಿ ಬೇಸತ್ತು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದದ್ದು 2022ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಆದರೆ ಆ ಬಾಯಾರಿಕೆಯ ಹೆಸರಿನಲ್ಲಿ ಎತ್ತಿದ ನೀರು ಮೊದಲು ಯಾರ ಹೊಲಕ್ಕೆ ಹೋಯಿತು? ಕಾಲುವೆಯ ತಲೆಗೆ ಕೂತ ಕಬ್ಬಿಗೆ. ಕುಡಿಯುವ ನೀರು ಎಂದು ಹೇಳಿ ಯೋಜನೆ ಪಾಸು ಮಾಡಿಸುವುದು, ನೀರು ಬಂದ ಮೇಲೆ ಹನ್ನೆರಡು ತಿಂಗಳ ಬೆಳೆಗೆ ಹಾಯಿಸುವುದು ಎರಡೂ ರಾಜ್ಯಗಳ ಪದ್ಧತಿ. 2017ರಲ್ಲಿ ಮಹಾರಾಷ್ಟ್ರ ಸರಕಾರ ಕಬ್ಬಿಗೆ ಹನಿ ನೀರಾವರಿ ಕಡ್ಡಾಯ ಮಾಡುವ ನಿರ್ಧಾರ ತೆಗೆದುಕೊಂಡಿತು. ಇಂದು ಕೃಷ್ಣೆಯ ದಂಡೆಯುದ್ದಕ್ಕೂ ನಡೆದು ನೋಡಿ. ಸಾಲು ಸಾಲು ಕಬ್ಬಿನಲ್ಲಿ ಕಾಲು ಹೂಳುವಷ್ಟು ಹಾಯಿನೀರು ನಿಂತಿರುತ್ತದೆ. ಹಾಳಾಗುವ ನೀರನ್ನು ನೋಡಬೇಕಾದರೆ ಸಮುದ್ರದವರೆಗೆ ಹೋಗಬೇಕಿಲ್ಲ.

ಅದರ ಫಲ ನನ್ನ ಹೊಲದಲ್ಲೇ ಇದೆ. ತಗ್ಗಿನ ಮೂಲೆಯಲ್ಲಿ ಅರ್ಧ ಎಕರೆ ಸವಳು ಬಿದ್ದಿದೆ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ನೆಲ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಅಂಗಾಲಿಗೆ ಪುಡಿಪುಡಿ. ಅಪ್ಪನ ಕಾಲದಲ್ಲಿ ಅದೇ ಮೂಲೆಯ ಜೋಳದ ತೆನೆ ಎಲ್ಲಕ್ಕಿಂತ ದಪ್ಪ ಇರುತ್ತಿತ್ತು. ಮಿತಿಮೀರಿ ಹಾಯಿಸಿದ ನೀರು ಭೂಮಿಯೊಳಗಿನ ಉಪ್ಪನ್ನು ಮೇಲೆ ಎಳೆದು ತಂದಿತು. ಮಿರಜ, ವಾಳವೆ, ಶಿರೋಳ ತಾಲೂಕುಗಳಲ್ಲಿ ಹೀಗೆ ಸವಳು-ಜವಳಾದ ಭೂಮಿ ಕಣ್ಣಳತೆ ಮೀರಿ ಇದೆ. ಆ ಬಿಳಿ ನೆಲದ ಮೇಲೆ ನಿಂತಾಗಲೆಲ್ಲ ತದಡಿಯ ಆ ಹಿರಿಯರ ಮಾತು ನೆನಪಾಗುತ್ತದೆ. ಉಪ್ಪು ಬೇಕಾದ ಹೊನ್ನಾವರದ ಅಳಿವೆಯಿಂದ ಉಪ್ಪನ್ನು ಓಡಿಸಿದೆವು, ಬೇಡವಾದ ನಮ್ಮ ಹೊಲಕ್ಕೆ ಕರೆದು ಕೂರಿಸಿದೆವು. ಎರಡು ಕಡೆಯೂ ಮಾಡಿದ್ದು ಒಂದೇ ತಪ್ಪು: ನೀರಿಗೆ ಅದರದೇ ಹೊತ್ತಿದೆ, ದಾರಿಯಿದೆ ಎಂಬುದನ್ನು ಒಪ್ಪಲಿಲ್ಲ.

ಮಳೆಗಾಲದಲ್ಲಿ ನಮ್ಮ ನಾಲಿಗೆಯೇ ಬೇರೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಏರಿದಾಗ ಊರಿಗೆ ಊರೇ ಒಂದು ಮಾತು ಹೇಳಿತು. ಆಲಮಟ್ಟಿ ಅಣೆಕಟ್ಟಿನ ಬಾಗಿಲು ತೆಗೆಯಿರಿ, ನೀರು ಮುಂದೆ ಹೋಗಲಿ, ಬೇಗ ಸಮುದ್ರ ಸೇರಲಿ. ಅಂದು ಛಾವಣಿಯ ಮೇಲೆ ಮಕ್ಕಳನ್ನು ಹೊತ್ತು ಕೂತವರಿಗೆ ಸಮುದ್ರಕ್ಕೆ ಹೋಗುವ ನೀರು ದೇವರ ದಯೆಯಂತಿತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ನೀರು ಮತ್ತೆ ‘ವ್ಯರ್ಥ’ ಆಗಿಬಿಟ್ಟಿತು. ಬೇಸಿಗೆಯಲ್ಲಿ ನದಿ ನಿಂತಲ್ಲೇ ನಿಂತಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಸಾಂಗಲಿಯ ಶೇರಿನಾಲಾದ ಹೊಲಸು ತೊಳೆಯಲು ನದಿಯಲ್ಲಿ ಹರಿವು ಇಲ್ಲ. 2023ರ ಮಾರ್ಚಿನಲ್ಲಿ ಅಂಕಲಿಯ ಸೇತುವೆಯ ಸುತ್ತ ರಾಶಿ ರಾಶಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಹರಿಯುವ ನೀರು ನದಿಯ ಬಾಯಿಗೆ ಮಾತ್ರ ಬೇಕಾದದ್ದಲ್ಲ, ನಮ್ಮ ಮನೆಯ ಹಿಂದಿನ ಘಾಟಿಗೂ ಬೇಕು.

ನನ್ನ ಕೋಪಕ್ಕೆ ಮೂಲವಾದ ಒಂದು ಕಾಗದ ಇದೆ. ನ್ಯಾಯಮೂರ್ತಿ ಬಚಾವತ್ ಅವರ ಕೃಷ್ಣಾ ನ್ಯಾಯಮಂಡಳಿ 1970ರ ದಶಕದಲ್ಲಿ ಹಂಚಿದ ನೀರಿನ ಲೆಕ್ಕ. ನಂಬಿ ಹಂಚಬಹುದಾದ ನೀರು 2060 ಟಿಎಂಸಿ. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800. ಕೂಡಿಸಿ ನೋಡಿ. ಉಳಿದದ್ದು ಸೊನ್ನೆ. ಒಂದು ನದಿಯನ್ನು ಪೂರ್ತಿಯಾಗಿ ಪಾಲು ಮಾಡಿದರು, ನದಿಗೇ ಒಂದು ಪಾಲು ಇಡಲಿಲ್ಲ, ಅದು ಹೋಗಿ ಸೇರುವ ಸಮುದ್ರಕ್ಕೆ ಇಡಲಿಲ್ಲ, ಹಂಸಲದೀವಿಯಲ್ಲಿ ಅದರ ಬಾಯಿಯ ಬಳಿ ಬದುಕುವ ಬೆಸ್ತರಿಗೆ ಇಡಲಿಲ್ಲ. ಈ ಶತಮಾನದ ಮೊದಲ ಬರದ ವರ್ಷಗಳಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜು ದಾಟಿ ಸಮುದ್ರಕ್ಕೆ ಹೋದ ಕೃಷ್ಣೆ ಇಲ್ಲವೆಂದೇ ಹೇಳಬೇಕು. ಮಣ್ಣು ಬಾರದೆ ಕೃಷ್ಣಾ ಮುಖಜಭೂಮಿಯ ಅಂಚನ್ನು ಕಡಲು ಕೊರೆಯುತ್ತಿದೆ. ಮಹಾಬಳೇಶ್ವರದಲ್ಲಿ ನಾವು ಪೂಜೆ ಮಾಡುವ ತಾಯಿ ಸಾವಿರದ ನಾನೂರು ಕಿಲೋಮೀಟರ್ ನಡೆದು ಕಡಲು ಮುಟ್ಟುವ ಮೊದಲೇ ಒಣಗಿದರೆ ಅದು ಯಶಸ್ಸೇ? ಕೃಷ್ಣೆಗೆ ಮಾಡಿದ್ದನ್ನು ಈಗ ಅಘನಾಶಿನಿಗೂ ಮಾಡಬೇಕೇ?

ಅಘನಾಶಿನಿಯ ಮೇಲೆ ಕಣ್ಣು ಹಾಕಿದ್ದು ಇದು ಮೊದಲ ಸಲವೇನಲ್ಲ. ತದಡಿಯಲ್ಲಿ 4000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಮಾತು ಬಂತು, ಜನ ತಡೆದರು. ಬಂದರಿನ ಮಾತು ಬಂತು. ಪ್ರತಿ ಸಲವೂ ನಕ್ಷೆಯಲ್ಲಿ ಆ ಕೆಸರು ಬಯಲಿಗೆ ಬರೆದ ಹೆಸರು ‘ಖಾಲಿ ಜಾಗ’. ಖಾಲಿ ಎಂದು ಕಂಡ ಕಣ್ಣಿಗೇ ಮರಳೂ ಬಿಟ್ಟಿ ಎಂದು ಕಾಣುತ್ತದೆ. ಬಳಚಿನ ಮರಿ ಇಳಿದು ನೆಲೆಯೂರುವ ಹಾಸನ್ನೇ ಬಾಚಿ ಲಾರಿಗೆ ತುಂಬಿದರೆ ಉಪ್ಪು, ಸಿಹಿ ಎಷ್ಟೇ ಸರಿಯಿದ್ದರೂ ಏನು ಉಪಯೋಗ? ಮೊದಲಿನಷ್ಟು ಬಳಚು ಈಗಿಲ್ಲ ಎಂದು ಆ ಹೆಂಗಸರು ಹೇಳಿದಾಗ ಮೊದಲು ಬೆರಳು ತೋರಿಸಿದ್ದು ಮರಳಿನ ಕಡೆಗೆ. 2024ರ ಜನವರಿ 31ರಂದು ಅಘನಾಶಿನಿ ಅಳಿವೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸರ್ ತಾಣದ ಮನ್ನಣೆ ಬಂತು. ದೆಹಲಿ, ಬೆಂಗಳೂರು ಎರಡೂ ಹೆಮ್ಮೆಪಟ್ಟವು. ಅಳಿವೆಗೆ ಮನ್ನಣೆ ಕೊಟ್ಟು, ಅದನ್ನು ಅಳಿವೆ ಮಾಡಿದ ನದಿಯನ್ನು ವೇದಾವತಿಗೆ ಕಳಿಸುವ ಆಲೋಚನೆ ಯಾವ ಬಾಯಿಯಿಂದ ಬರುತ್ತದೆ? ಶಂಕರಹೊಂಡದಿಂದ ಕಡಲವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿಗಳು ನಮ್ಮಲ್ಲಿ ಇನ್ನೆಷ್ಟು ಉಳಿದಿವೆ? ಶಿರಸಿಯ ಕಡೆ ಸ್ವರ್ಣವಲ್ಲಿ ಮಠದ ಮುಂದಾಳತ್ವದಲ್ಲಿ ಮಲೆನಾಡಿನ ಜನ ಬೀದಿಗಿಳಿದಿದ್ದಾರೆ. ಅವರ ಜೊತೆಗೆ ಬಯಲುಸೀಮೆಯ ನಾವು ನಿಲ್ಲಬೇಕು. ಯಾಕೆಂದರೆ ಈ ಯೋಜನೆಗಳನ್ನು ಬರೆಯುವುದು ನಮ್ಮ ಹೆಸರಿನಲ್ಲಿ, ನಮ್ಮ ಬಾಯಾರಿಕೆಯನ್ನು ತೋರಿಸಿ.

ಹಾಗಾಗಿ ನಮ್ಮ ಕಡೆಯಿಂದಲೇ ಹೇಳಬೇಕಾದ್ದು ಇದೆ. ನಮ್ಮ ಹೆಸರಿನಲ್ಲಿ ಬೇಡ. ಎತ್ತಿದ ನೀರಿನ ಕಾಲುವೆಯಡಿ ಹಾಯಿನೀರಿನ ಕಬ್ಬು ನಿಲ್ಲಬೇಕು, 2017ರ ನಿರ್ಧಾರ ಕಾಗದದಿಂದ ಹೊಲಕ್ಕೆ ಇಳಿಯಬೇಕು. ಅದಕ್ಕೆ ನನ್ನ ಹೊಲವೂ ಹೊರತಲ್ಲ. ಕಾಲುವೆಯ ಬಾಲದ ಹಳ್ಳಿಗೆ ಕುಡಿಯುವ ನೀರು ತಲುಪಿದ ಮೇಲೆ ತಲೆಯ ಕಬ್ಬಿಗೆ ಬಾಗಿಲು ತೆರೆಯಲಿ. ಅಘನಾಶಿನಿಗೆ ತಲೆಯಿಂದ ಬಾಯಿಯವರೆಗೆ ಅಡ್ಡಗಟ್ಟೆ ಬೇಡವೆಂದು ಕಾನೂನು ಬರಲಿ, ಅದರ ಬಯಲಿನ ಮರಳಿಗೆ ಲಾರಿ ಇಳಿಯದಿರಲಿ. ಶರಾವತಿಯಲ್ಲೂ ವಾಶಿಷ್ಠಿಯಲ್ಲೂ ಟರ್ಬೈನಿನ ವೇಳಾಪಟ್ಟಿಯನ್ನು ಬರೆಯುವವರು ಅಳಿವೆಯ ಉಪ್ಪನ್ನು ತಿಂಗಳಿಗೊಮ್ಮೆ ಅಳೆಯಲಿ, ಅಳೆದದ್ದನ್ನು ಮೀನುಗಾರರ ಊರಿನ ಪಂಚಾಯತಿಯ ಗೋಡೆಗೆ ಬರೆಯಲಿ. ಪಶ್ಚಿಮದ ಯಾವುದೇ ಹೊಳೆಯ ಒಂದು ಕೊಡ ನೀರು ತಿರುಗಿಸುವ ಮೊದಲು ಅದರ ಬಾಯಿಯಲ್ಲಿ ಏನು ಬೆಳೆಯುತ್ತದೆ, ಯಾರು ಆಯುತ್ತಾರೆ, ಎಷ್ಟು ಮನೆಗಳ ಒಲೆ ಅದರಿಂದ ಉರಿಯುತ್ತದೆ ಎಂಬ ಲೆಕ್ಕ ಮುಂದಿಡದ ವರದಿಯನ್ನು ಹರಿದು ಹಾಕಲಿ. ಕೃಷ್ಣೆಯ ನೀರನ್ನು ಮತ್ತೆ ಎಂದಾದರೂ ಪಾಲು ಮಾಡಲು ಕೂತರೆ ಮೊದಲ ಸಾಲಿನಲ್ಲಿ ಸಮುದ್ರದ ಪಾಲು ಬರೆದು, ಆಮೇಲೆ ಉಳಿದದ್ದಕ್ಕೆ ರಾಜ್ಯಗಳ ಹೆಸರು ಬರೆಯಲಿ.

ಮುಂದಿನ ಗ್ರಾಮಸಭೆ ಕವಲಾಪುರದಲ್ಲಿ ಸೇರಿದಾಗ ಯಾರಾದರೂ ಎದ್ದು ‘ಹಾಳಾಗುವ ನೀರು’ ಎಂದರೆ ನಾನು ಎದ್ದು ನಿಲ್ಲುತ್ತೇನೆ. ನನ್ನ ಮನೆಯಲ್ಲಿ ಆ ದಿನ ತದಡಿಯಿಂದ ತಂದ ಒಂದು ಖಾಲಿ ಚಿಪ್ಪು ಇದೆ, ಹೊರಗೆ ಬೂದಿಬಣ್ಣ, ಒಳಗೆ ಹಾಲಿನಂತೆ ನುಣುಪು. ಅದರ ಬೆನ್ನ ಮೇಲೆ ಗೆರೆಗಳಿವೆ. ಬಳಚು ಬೆಳೆದ ಹಾಗೆ ಒಂದರ ಸುತ್ತ ಒಂದು ಗೆರೆ ಬರೆದುಕೊಂಡು ಹೋಗಿದೆ. ಮಳೆಯ ನೀರು ಬಂದಾಗ ಬೆಳವಣಿಗೆ ತಡೆದು ಗೆರೆ ಒತ್ತಾಗುತ್ತದೆ, ಉಪ್ಪೇರಿದಾಗ ಗೆರೆಗಳ ನಡುವೆ ಜಾಗ ಬಿಡುತ್ತದೆ. ಅದನ್ನು ಅವರ ಕೈಗೆ ಕೊಟ್ಟು, ಈ ಗೆರೆಗಳಲ್ಲಿ ಯಾವುದು ವ್ಯರ್ಥವಾದ ನೀರು ತೋರಿಸಿ ಎಂದು ಕೇಳುತ್ತೇನೆ. ನೀವೂ ನಿಮ್ಮ ಊರಿನ ಸಭೆಯಲ್ಲಿ ಎದ್ದು ಕೇಳಿ.